ಹತ್ತು ಜನ ತಿದ್ದಿದ ಚಿತ್ರಕಥೆ, ಒಬ್ಬನ ಹೆಸರು

ಮಾನ್ಯರೇ,

ಆಸ್ಕರ್ ಕುರಿತ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: 1939ರ ಹಾಲಿವುಡ್ ಚಿತ್ರ ‘ಗಾನ್ ವಿತ್ ದ ವಿಂಡ್’ನ ಚಿತ್ರಕಥೆಗೆ ಎಷ್ಟೋ ಜನ ಕೈ ಹಾಕಿದ್ದರಂತೆ, ಪ್ರಶಸ್ತಿ ಮಾತ್ರ ನಾಟಕಕಾರ ಸಿಡ್ನಿ ಹೋವರ್ಡ್ ಒಬ್ಬರಿಗೇ ಏಕೆ? ತೀರಿಕೊಂಡರೆಂಬ ಕನಿಕರವೇ?

ಕನಿಕರ ಇರಲೇ ಇಲ್ಲ ಎನ್ನಲಾರೆ. ಆದರೂ ಹೆಸರು ಸಲ್ಲಬೇಕಾದವರಿಗೇ ಸಂದಿದೆ. ಇದಕ್ಕೆ ಸಾಕ್ಷಿ, ತಿದ್ದಲು ಬಂದವರಲ್ಲೇ ಒಬ್ಬರಾದ ಬೆನ್ ಹೆಕ್ಟ್. 1939ರ ಫೆಬ್ರವರಿಯಲ್ಲಿ ನಿರ್ಮಾಪಕ ಸೆಲ್ಜ್‌ನಿಕ್ ಚಿತ್ರೀಕರಣ ನಿಲ್ಲಿಸಿ, ನಿರ್ದೇಶಕರನ್ನೇ ಬದಲಿಸಿ, ಹೆಕ್ಟ್ ಅವರನ್ನು ಕರೆಸಿದರು. ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ಹೆಕ್ಟ್ ಓದಿರಲಿಲ್ಲ. ಸೆಲ್ಜ್‌ನಿಕ್ ಮತ್ತು ಹೊಸ ನಿರ್ದೇಶಕ ಫ್ಲೆಮಿಂಗ್ ತಾವೇ ಪಾತ್ರಗಳಾಗಿ ದೃಶ್ಯಗಳನ್ನು ಅಭಿನಯಿಸಿ ತೋರಿಸಬೇಕಾಯಿತು! ಕೊನೆಗೆ ಕೆಲಸಕ್ಕೆ ಬಂದದ್ದು ಮೂಲೆಗೆ ಬಿದ್ದಿದ್ದ ಹೋವರ್ಡ್ ಅವರ ಮೊದಲ ಬರಹವೇ. ಇದನ್ನು ಹೆಕ್ಟ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಸಾವಿರ ಪುಟ ಮೀರಿದ ಕಾದಂಬರಿಯಲ್ಲಿ ಏನನ್ನು ಬಿಡಬೇಕೆಂಬ ಆ ಕಣ್ಣು ಹೋವರ್ಡ್ ಅವರಿಗೆ ಬಂದದ್ದು ರಂಗಭೂಮಿಯಿಂದ ಎಂದು ನನ್ನ ನಂಬಿಕೆ. 1925ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಪಡೆದ ‘ದೇ ನ್ಯೂ ವಾಟ್ ದೇ ವಾಂಟೆಡ್’ ನಾಟಕವನ್ನೇ ನೋಡಿ. ಕ್ಯಾಲಿಫೋರ್ನಿಯದ ದ್ರಾಕ್ಷಿ ತೋಟದ ಮುದಿ ಇಟಾಲಿಯನ್ ಟೋನಿ ಹೋಟೆಲಿನಲ್ಲಿ ಬಡಿಸುವ ಹುಡುಗಿಯೊಬ್ಬಳಿಗೆ ಮದುವೆಯ ಪತ್ರ ಬರೆಯುತ್ತಾನೆ. ಜೊತೆಗಿಡುವ ಫೋಟೋ ಮಾತ್ರ ತನ್ನದಲ್ಲ, ತೋಟದ ಆಳು ಜೋನದು. ಅವಳು ಬಂದಿಳಿಯುತ್ತಾಳೆ, ಮುಂದೆ ಜೋನಿಂದಲೇ ಬಸುರಾಗುತ್ತಾಳೆ. ಟೋನಿ ಬಂದೂಕು ಹಿಡಿದು ಎಗರಾಡುತ್ತಾನೆ, ಆಮೇಲೆ ಅವಳನ್ನೂ ಮಗುವನ್ನೂ ಉಳಿಸಿಕೊಳ್ಳುತ್ತಾನೆ. ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ. ಸಿಂಕ್ಲೇರ್ ಲೂಯಿಸ್ ಅವರ ‘ಆರೋಸ್ಮಿತ್’, ‘ಡಾಡ್ಸ್‌ವರ್ತ್’ ಕಾದಂಬರಿಗಳನ್ನೂ ಹೋವರ್ಡ್ ತೆರೆಗೆ ತಂದರು. ಎರಡಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು.

ಹಾಲಿವುಡ್ಡಿನ ಸಹವಾಸಕ್ಕಿಂತ ಮ್ಯಾಸಚೂಸೆಟ್ಸ್‌ನ ಟೈರಿಂಗಂನಲ್ಲಿದ್ದ ಅವರ ಹೊಲಮನೆಯೇ ಅವರಿಗೆ ಹಿತ. ಅಲ್ಲಿಗೇ ನಮ್ಮ ತಪ್ಪೂ ಬರುತ್ತದೆ. ಟ್ರ್ಯಾಕ್ಟರ್ ಮಗುಚಿ ಸತ್ತರೆಂದು ನಾವು ಅಚ್ಚು ಮಾಡಿದ್ದೆವು, ಅದು ಮಗುಚಲಿಲ್ಲ. 1939ರ ಆಗಸ್ಟ್ 23ರಂದು, ಗೇರಿನಲ್ಲೇ ಬಿಟ್ಟಿದ್ದ ಟ್ರ್ಯಾಕ್ಟರಿನ ಮುಂದೆ ನಿಂತು ಅವರು ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಚಾಲೂ ಆದದ್ದೇ ಗಾಡಿ ಮುನ್ನುಗ್ಗಿ ಅವರನ್ನು ಗ್ಯಾರೇಜಿನ ಗೋಡೆಗೆ ಅದುಮಿತು. ವಯಸ್ಸು 48. ಚಿತ್ರದ ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ ನಡೆದದ್ದು ಡಿಸೆಂಬರ್ 15ಕ್ಕೆ.

– ಸಂ.