ವೈಂಡರ್‌ಗಿಂತ ಮೊದಲು ಕೀ ಕೊಟ್ಟು ನೋಡಿ

ಶನಿವಾರ, ಭಾನುವಾರ ಮಾತ್ರ ಕಟ್ಟುವ ಸೀಕೋ 5 ವಾಚು (ಒಳಗಿನ ಯಂತ್ರ 4ಆರ್36) ವಾರದ ನಡುವೆ ನಿಲ್ಲುತ್ತದೆ, ದಿನಕ್ಕೆ 20 ಸೆಕೆಂಡು ಮುಂದೆ ಓಡುತ್ತದೆ, ವೈಂಡರ್ (ಕಟ್ಟದಿದ್ದಾಗ ವಾಚನ್ನು ತಿರುಗಿಸಿ ಕೀ ತುಂಬುವ ಪೆಟ್ಟಿಗೆ) ತಗೊಳ್ಳಲಾ ಅಂತ ಕೇಳಿದ್ದೀರಿ. ವೈಂಡರ್‌ನಿಂದ ನಿಲ್ಲುವುದು ತಪ್ಪುತ್ತದೆ, ಮುಂದೆ ಓಡುವುದು ತಪ್ಪುವುದಿಲ್ಲ. ಪೂರ್ತಿ ಕೀ ಇದ್ದರೂ ಈ ವಾಚು ನಡೆಯುವುದು ಸುಮಾರು 41 ಗಂಟೆ. ಭಾನುವಾರ ರಾತ್ರಿ ಬಿಚ್ಚಿಟ್ಟರೆ ಮಂಗಳವಾರ ಮಧ್ಯಾಹ್ನ ನಿಲ್ಲಲೇಬೇಕು, ಅಲ್ವಾ? ದಿನಕ್ಕೆ 45 ಸೆಕೆಂಡು ಮುಂದೆ, 35 ಸೆಕೆಂಡು ಹಿಂದೆ ಹೋಗಬಹುದು ಅಂತ ಕಂಪನಿಯೇ ಹೇಳುತ್ತದೆ. ನಿಮ್ಮದು ಒಳ್ಳೆಯ ವಾಚೇ!

ಒಂದೇ ವಾಚಿಗೆ ವೈಂಡರ್ ಸುಮ್ನೆ ದುಡ್ಡು ದಂಡ. ಕಟ್ಟುವ ಮುಂಚೆ 20–30 ಸುತ್ತು ಕೀ ಕೊಡಿ. ಸ್ಪ್ರಿಂಗ್ ಸಡಿಲವಾದಾಗ ಟೈಮ್ ಜಾಸ್ತಿ ಏರುಪೇರಾಗುತ್ತದೆ. ಮುಂದೆ ಓಡುವುದು ಕಮ್ಮಿಯಾಗಲು, ರಾತ್ರಿ ಒಮ್ಮೆ ಡಯಲ್ ಮೇಲ್ಮುಖವಾಗಿ, ಇನ್ನೊಮ್ಮೆ ಕೀ ಕೊಡುವ ಗುಂಡಿ ಕೆಳಮುಖವಾಗಿ ಇಟ್ಟು ನೋಡಿ. ಯಾವುದರಲ್ಲಿ ನಿಧಾನ ಆಗುತ್ತದೋ ಹಾಗೇ ಇಡಿ. ಅಂದಹಾಗೆ, ವಾಚಿನಲ್ಲಿ ರಾತ್ರಿ 9ರಿಂದ ಬೆಳಗಿನ 4ರ ನಡುವೆ ತಾರೀಖು ಬದಲಿಸಬೇಡಿ.