ಮೊಬೈಲ್ ತೆಗೆದುಕೊಂಡರೆ ಕಿರುಚುವ ಮಗ: ಮನೆಯಲ್ಲೇ ಏನು ಮಾಡಬಹುದು?

ಆಟಿಸಂ ಇರುವ ನಾಲ್ಕು ವರ್ಷದ ಮಗನಿಗೆ ಇನ್ನೂ ಮಾತು ಬಂದಿಲ್ಲ, ಮೊಬೈಲ್ ತೆಗೆದುಕೊಂಡರೆ ಕಿರುಚುತ್ತಾನೆ, ಥೆರಪಿ ವಾರಕ್ಕೆ ಒಂದೇ ಗಂಟೆ, ನಾವೇ ಏನಾದರೂ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಜ್ಞರಲ್ಲದ ಕಾರ್ಯಕರ್ತರು ತರಬೇತಿ ಕೊಟ್ಟ ಪೋಷಕರು ಮಗುವಿನೊಡನೆ ಒಡನಾಡುವ ರೀತಿಯೇ ಸುಧಾರಿಸಿತ್ತು.

ಮೊದಲು ಕೆಲವು ದಿನ ಬರೆದಿಡಿ: ಕಿರುಚುವ ಮುನ್ನ ಏನಾಯಿತು, ಕಿರುಚಿದ ಮೇಲೆ ಅವನಿಗೆ ಏನು ಸಿಕ್ಕಿತು. ಅಜ್ಜಿ ಕರಗಿ ಮೊಬೈಲ್ ಮರಳಿ ಕೊಡುತ್ತಾರೆ ಎಂದಿದ್ದೀರಲ್ಲ, ಗಂಟು ಇರುವುದು ಅಲ್ಲೇ. ಅವರನ್ನು ದೂರಬೇಡಿ, ಜೊತೆಗೆ ಕೂರಿಸಿಕೊಂಡು ಬರೆಯಿರಿ.

ಹಾಗೆಂದು ದಿಢೀರನೆ ಕಸಿದುಕೊಂಡು ಅಳಲು ಬಿಡುವುದನ್ನು ನಾನು ಒಪ್ಪುವುದಿಲ್ಲ. ಕಿರುಚುವುದರ ಬದಲು ಕೇಳುವ ದಾರಿಯೊಂದನ್ನು ಕಲಿಸಬೇಕು. ಮೊಬೈಲಿನ ಚಿತ್ರವಿರುವ ಕಾರ್ಡ್ ಮಾಡಿ, ಅವನು ಶಾಂತವಾಗಿರುವಾಗ ಕೈಹಿಡಿದು ಅದನ್ನು ನಿಮಗೆ ಕೊಡಿಸಿ, ಕೊಟ್ಟ ಕ್ಷಣವೇ ಮೊಬೈಲ್ ಕೊಡಿ. ಸಹಾಯವನ್ನು ನಿಧಾನವಾಗಿ ಕಡಿಮೆ ಮಾಡಿ. ಟೈಮರ್ ಇಟ್ಟು, ಅದು ಮುಗಿದಾಗ ಅವನಿಗಿಷ್ಟದ ಇನ್ನೊಂದು ಆಟ ಸಿದ್ಧವಿರಲಿ. ಆರಂಭದಲ್ಲಿ ಕಿರುಚಾಟ ಹೆಚ್ಚಬಹುದು. ಆಗ ಸೋತು ಕೊಟ್ಟರೆ ಮುಂದಿನ ಬಾರಿ ಇನ್ನೂ ಜೋರಾಗಿರುತ್ತದೆ. ತನಗೇ ಪೆಟ್ಟು ಮಾಡಿಕೊಂಡರೆ ಮಾತ್ರ ನಿಲ್ಲಿಸಿ, ಥೆರಪಿಸ್ಟರನ್ನು ಕೇಳಿ.

ಪೋಷಕರ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಅಂದ ಹಾಗೆ, ಶ್ರವಣ ಪರೀಕ್ಷೆ ಆಗಿದೆಯೇ? ಅದನ್ನು ನೀವು ಬರೆದಿಲ್ಲ.