ಕ್ಯಾಮೆರಾ ಪ್ರಶ್ನೋತ್ತರ: ಮುಚ್ಚಳ ತೆಗೆಯದೆ ತೆಗೆಯಬೇಕಾದ ಫೋಟೊ

ಪ್ರಶ್ನೆ: ಬಳಸಿದ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದನ್ನು ಕೊಂಡಿದ್ದೇನೆ. ಹಗಲಿನ ಚಿತ್ರಗಳು ಚೆನ್ನಾಗಿ ಬರುತ್ತವೆ. ಆದರೆ ರಾತ್ರಿ ಆಕಾಶವನ್ನು 30 ಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ತೆಗೆದಾಗ ನಕ್ಷತ್ರಗಳ ನಡುವೆ ಕೆಂಪು, ನೀಲಿ ಚುಕ್ಕೆಗಳು ಕಾಣಿಸುತ್ತವೆ. ಮಾರಿದವರು ‘ಅದು ನಾಯ್ಸ್, ಎಲ್ಲ ಕ್ಯಾಮೆರಾದಲ್ಲೂ ಇರುತ್ತದೆ’ ಎನ್ನುತ್ತಾರೆ. ಸೆನ್ಸರ್ ಕೆಟ್ಟಿದೆಯೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಮಾರಿದವರ ಮಾತು ಅರ್ಧ ನಿಜ. ಇಂಥ ಚುಕ್ಕೆಗಳು ಹೆಚ್ಚುಕಡಿಮೆ ಎಲ್ಲ ಕ್ಯಾಮೆರಾಗಳಲ್ಲೂ ಇರುತ್ತವೆ. ಆದರೆ ಅವನ್ನು ನಾಯ್ಸ್ ಎನ್ನುವುದು ಸರಿಯಲ್ಲ. ನಾಯ್ಸ್ ಎಂದರೆ ಗೊತ್ತುಗುರಿಯಿಲ್ಲದ ಏರಿಳಿತ, ಅದು ಒಂದು ಚಿತ್ರದಲ್ಲಿ ಇದ್ದಂತೆ ಮುಂದಿನದರಲ್ಲಿ ಇರುವುದಿಲ್ಲ. ನೀವು ಕಂಡದ್ದು ಬಹುಶಃ ‘ಹಾಟ್ ಪಿಕ್ಸೆಲ್’, ಅಂದರೆ ಬೆಳಕು ಬೀಳದಿದ್ದರೂ ಹೊಳೆಯುವ ಸೆನ್ಸರ್‌ನ ಬಿಂದು. ಅದು ಹಾಗಲ್ಲ, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕುಳಿತಿರುತ್ತದೆ.

ಬೆಳಕು ಬೀಳದಿದ್ದರೂ ಸೆನ್ಸರ್‌ನ ಸಿಲಿಕಾನ್‌ನಲ್ಲಿ ಬರಿಯ ಶಾಖದಿಂದಲೇ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಪಿಕ್ಸೆಲ್‌ಗಳಲ್ಲಿ ತುಂಬಿಕೊಳ್ಳುತ್ತವೆ. ಸಿಲಿಕಾನ್ ಹರಳಿನಲ್ಲಿ ದೋಷವಿರುವ ಕಡೆ ಈ ಸೋರಿಕೆ ನೆರೆಯ ಪಿಕ್ಸೆಲ್‌ಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಗಲಿನಲ್ಲಿ ಸೆಕೆಂಡಿನ 1/200 ಭಾಗದಲ್ಲಿ ಮುಗಿಯುವ ಎಕ್ಸ್‌ಪೋಷರ್ ರಾತ್ರಿ 30 ಸೆಕೆಂಡ್ ಆದಾಗ ಸೋರಲು 6,000 ಪಟ್ಟು ಕಾಲ ಸಿಗುವುದರಿಂದ ಹಗಲು ಕಾಣದ್ದು ರಾತ್ರಿ ಕಾಣುತ್ತದೆ. ಪ್ರತಿ ಪಿಕ್ಸೆಲ್‌ನ ಮೇಲೂ ಕೆಂಪು, ಹಸಿರು ಅಥವಾ ನೀಲಿ ಫಿಲ್ಟರ್ ಇರುವ ಕಾರಣ ಆ ಬಣ್ಣದ ಬೆಳಕೇ ಬಿತ್ತೆಂದು ಕ್ಯಾಮೆರಾ ಭ್ರಮಿಸುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಲೆನ್ಸ್‌ಗೆ ಮುಚ್ಚಳ ಹಾಕಿ, ವ್ಯೂಫೈಂಡರ್‌ನಿಂದಲೂ ಬೆಳಕು ನುಸುಳದಂತೆ ಕಪ್ಪು ಬಟ್ಟೆ ಹೊದಿಸಿ, ರಾ ಫೈಲ್‌ನಲ್ಲಿ (ಸೆನ್ಸರ್ ಕೊಟ್ಟ ಕಚ್ಚಾ ದತ್ತಾಂಶ), ಐಎಸ್‌ಒ (ಬೆಳಕಿನ ಸಂವೇದನೆಯ ಮಟ್ಟ) 1600ರಲ್ಲಿ, 30 ಸೆಕೆಂಡಿನ ಐದು ಫೋಟೊ ತೆಗೆಯಿರಿ. ಅದಕ್ಕೂ ಮೊದಲು ಮೆನುವಿನಲ್ಲಿ ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ ಆಫ್ ಮಾಡಲು ಮರೆಯಬೇಡಿ. ಅದು ಆನ್ ಇದ್ದರೆ ಕ್ಯಾಮೆರಾ ತಾನೇ ಅಷ್ಟೇ ಅವಧಿಯ ಇನ್ನೊಂದು ಕತ್ತಲೆಯ ಚಿತ್ರ ತೆಗೆದು ಮೊದಲಿನದರಿಂದ ಕಳೆದುಬಿಡುವುದರಿಂದ, ನಾವು ಹುಡುಕುತ್ತಿರುವ ರೋಗವೇ ಮುಚ್ಚಿಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಐದನ್ನೂ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ. ಐದರಲ್ಲೂ ಒಂದೇ ಸ್ಥಾನದಲ್ಲಿ ಇರುವುದು ಹಾಟ್ ಪಿಕ್ಸೆಲ್. ಒಂದರಲ್ಲಿ ಮಾತ್ರ ಇರುವುದನ್ನು ಬಿಟ್ಟುಬಿಡಿ. ಕೆಲವು ರಾ ಸಾಫ್ಟ್‌ವೇರ್‌ಗಳು ಇವನ್ನು ಕೇಳದೆಯೇ ಅಳಿಸುತ್ತವೆ ಎಂಬುದೂ ನೆನಪಿರಲಿ.

24 ಮೆಗಾಪಿಕ್ಸೆಲ್ ಎಂದರೆ 2.4 ಕೋಟಿ ಪಿಕ್ಸೆಲ್. ಅಷ್ಟರಲ್ಲಿ ಕೆಲವು ಡಜನ್ ಚುಕ್ಕೆಗಳಿದ್ದರೆ ನಾನಂತೂ ಚಿಂತಿಸುವುದಿಲ್ಲ. ಐಎಸ್‌ಒ 100ರಲ್ಲಿ, 1/60 ಸೆಕೆಂಡಿನಲ್ಲಿಯೂ ಚುಕ್ಕೆಗಳು ಹೊಳೆಯುತ್ತಿದ್ದರೆ, ಅಥವಾ ಇಡೀ ಒಂದು ಸಾಲೇ ಗೆರೆಯಾಗಿ ಕಂಡರೆ, ಕ್ಯಾಮೆರಾ ಹಿಂತಿರುಗಿಸುವ ಮಾತು ಎತ್ತಬಹುದು. ಉಳಿದಂತೆ, ಈಗ ಆಫ್ ಮಾಡಿದ ಸೌಲಭ್ಯವನ್ನು ಮತ್ತೆ ಆನ್ ಮಾಡಿಕೊಂಡರೆ ಸಾಕು. ಒಲಿಂಪಸ್‌ನಂಥ ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ‘ಪಿಕ್ಸೆಲ್ ಮ್ಯಾಪಿಂಗ್’ ಕೂಡ ಇದ್ದು, ಕೆಟ್ಟ ಪಿಕ್ಸೆಲ್‌ಗಳನ್ನು ಗುರುತಿಸಿ ನೆರೆಯವುಗಳ ಮೌಲ್ಯದಿಂದ ತುಂಬುತ್ತದೆ.

ಹಬಲ್ ದೂರದರ್ಶಕಕ್ಕೂ ಈ ಕಾಟ ತಪ್ಪಿಲ್ಲ. ಬಾಹ್ಯಾಕಾಶದ ವಿಕಿರಣದಿಂದ ಅದರ ಸಿಸಿಡಿ ಎಂಬ ಸೆನ್ಸರ್‌ಗಳಲ್ಲಿ ಹೊಸ ಹಾಟ್ ಪಿಕ್ಸೆಲ್‌ಗಳು ಹುಟ್ಟುತ್ತಲೇ ಇರುತ್ತವೆ. ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗೆ ತಣ್ಣಗಿಟ್ಟಿರುವ ಸೆನ್ಸರ್‌ಗಳನ್ನು ಆಗಾಗ ಬೆಚ್ಚಗಾಗಲು ಬಿಟ್ಟರೆ ಅವುಗಳಲ್ಲಿ ಹಲವು ತಾವಾಗಿ ವಾಸಿಯಾಗುತ್ತವೆ.

ಪ್ರಶ್ನೆ: ಹಾಗಾದರೆ ನಾಯ್ಸ್ ಅನ್ನು ಅಂಕಿಯಲ್ಲಿ ಅಳೆಯಬಹುದೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಳೆಯಬಹುದು. ಸಮನಾಗಿ ಬೆಳಕು ಬಿದ್ದ ಬೂದು ಹಾಳೆಯನ್ನು ಫೋಕಸ್ ತಪ್ಪಿಸಿ, ಟ್ರೈಪಾಡ್ ಕದಲಿಸದೆ ಎರಡು ಬಾರಿ ತೆಗೆದು, ಒಂದು ಚಿತ್ರದಿಂದ ಇನ್ನೊಂದನ್ನು ಕಳೆಯಿರಿ. ಹಾಳೆಯ ಕಲೆ, ಲೆನ್ಸ್‌ನ ನೆರಳು, ಹಾಟ್ ಪಿಕ್ಸೆಲ್‌ನಂಥ ಸ್ಥಿರ ಸಂಗತಿಗಳು ಬಹುಪಾಲು ಕಳೆದುಹೋಗಿ ನಾಯ್ಸ್ ಮಾತ್ರ ಉಳಿಯುತ್ತದೆ. ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ (ಮೌಲ್ಯಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಅನ್ನು 2ರ ವರ್ಗಮೂಲದಿಂದ ಭಾಗಿಸಿದರೆ ಒಂದು ಚಿತ್ರದ ನಾಯ್ಸ್ ಸಿಗುತ್ತದೆ. ಎರಡು ಚಿತ್ರಗಳ ನಾಯ್ಸ್ ಸೇರಿಕೊಂಡಿರುವುದರಿಂದ ಈ ಭಾಗಾಕಾರ. ಇದರಲ್ಲಿ ಹೆಚ್ಚಿನದು ಬೆಳಕಿನದೇ ಗುಣ: 10,000 ಫೋಟಾನ್ (ಬೆಳಕಿನ ಕಣ) ಹಿಡಿದ ಪಿಕ್ಸೆಲ್‌ನಲ್ಲಿ ಏರಿಳಿತ 100, ಅಂದರೆ ಶೇ 1, ಬರೀ 100 ಹಿಡಿದಲ್ಲಿ 10, ಅಂದರೆ ಶೇ 10. ಐಎಸ್‌ಒ ಏರಿಸಿದ್ದಕ್ಕೇ ನಾಯ್ಸ್ ಬಂತೆಂದು ದೂರುವವರು ಬೆಳಕು ಕಡಿಮೆಯಿತ್ತೆಂಬುದನ್ನು ಮರೆತಿರುತ್ತಾರೆ.

ಪ್ರಶ್ನೆ: ತಂಪಿನಲ್ಲಿ ಚುಕ್ಕೆಗಳು ಕಡಿಮೆಯಾಗುತ್ತವೆ ಎಂದಾದರೆ ಕ್ಯಾಮೆರಾವನ್ನು ಫ್ರಿಜ್‌ನಲ್ಲಿಟ್ಟು ಬಳಸಬಹುದೇ?
– ಓದುಗರು, ಮಂಗಳೂರು

ಉತ್ತರ: ತಾಪಮಾನ ಸುಮಾರು 6ರಿಂದ 8 ಡಿಗ್ರಿ ಇಳಿದಾಗ ಸೋರಿಕೆ ಅರ್ಧಕ್ಕಿಳಿಯುತ್ತದೆ ಎಂಬುದು ನಿಜ. ಆದರೆ ನಿಮ್ಮೂರಿನ ತೇವದ ಗಾಳಿಗೆ ತಣ್ಣನೆಯ ಕ್ಯಾಮೆರಾ ತಂದ ಕ್ಷಣವೇ ಒಳಗೂ ಹೊರಗೂ ನೀರು ಕೂರುತ್ತದೆ. ದಯವಿಟ್ಟು ಬೇಡ, ಎರಡು ಚಿತ್ರಗಳ ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟು ಸೆನ್ಸರ್ ತಣಿಯಲು ಬಿಡಿ.